ಮೂರು ತಲೆಬುರುಡೆ, ಇಸ್ಪೀಟು ಎಲೆ: ಬೆಕ್‌ಮನ್‌ನ ಈ ಚಿತ್ರ ಹೆದರಿಸುತ್ತಾ, ನಗುತ್ತಾ?

ಚಳಿಗೆಕಂಬಳಿ

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಹೋಗಿದ್ದೆ. ಅಮ್ಮ ಬಂದು ಎರಡು ತಿಂಗಳಾಯ್ತು, ಮಾಲ್ ಸುತ್ತಿ ಸುತ್ತಿ ಅವರಿಗೂ ಬೇಜಾರಾಗಿತ್ತು. ಮೊದಲು ಭಾರತದ ಶಿಲ್ಪಗಳ ಕಡೆ ಹೋದೆವು. ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ 1917ರಿಂದ ಸಾಯುವ ತನಕ, ಅಂದರೆ 1947ರ ತನಕ ಇಲ್ಲೇ ಕೆಲಸ ಮಾಡಿದ್ದು ಅಂತ ಹೇಳಿದೆ. ಅಮ್ಮ ‘ಹೂಂ’ ಅಂದರು. ಅವರ ಗಮನವೆಲ್ಲ ಕೂರೋಕೆ ಬೆಂಚು ಎಲ್ಲಿದೆ ಅನ್ನೋದರ ಮೇಲಿತ್ತು.

ಆಮೇಲೆ ಯುರೋಪಿನ ಹೊಸ ಕಾಲದ ಚಿತ್ರಗಳ ಕಡೆ ಬಂದಾಗ ಒಂದು ಅಡ್ಡ ಚಿತ್ರದ ಮುಂದೆ ಅವರೇ ನಿಂತುಬಿಟ್ಟರು. ದೊಡ್ಡದೇನಲ್ಲ. ಎತ್ತರ 55 ಸೆಂಟಿಮೀಟರ್, ಅಗಲ 90ರ ಹತ್ತಿರ. ನಮ್ಮ ಮನೆಯ ಟಿವಿಗಿಂತ ಚಿಕ್ಕದು. ಮೇಜಿನ ಮೇಲೆ ಮೂರು ತಲೆಬುರುಡೆ, ಇಸ್ಪೀಟು ಎಲೆ, ಬಾಟಲಿ, ಆರಿದ ಮೇಣದಬತ್ತಿ. ಎಲ್ಲದರ ಸುತ್ತ ದಪ್ಪ ಕಪ್ಪು ಗೆರೆ, ಮಸಿಯಲ್ಲಿ ಬೆರಳದ್ದಿ ಎಳೆದ ಹಾಗೆ. ಪಕ್ಕದ ಫಲಕದಲ್ಲಿ ಹೆಸರು: ಮ್ಯಾಕ್ಸ್ ಬೆಕ್‌ಮನ್, ಜರ್ಮನ್ ಕಲಾವಿದ, 1945.

ಬನ್ನಿ ಅಮ್ಮ, ಹೂವಿನ ಚಿತ್ರ ನೋಡೋಣ ಅಂದೆ. ಅವರು ಕದಲಲಿಲ್ಲ. ‘ಮೂರೇ ಜನ ಇದಾರಲ್ಲೇ. ಎದುರಿಗೆ ಕೂತು ಎಲೆ ಹಾಕಿದೋರು ಯಾರು?’ ಅಂದರು.

ನಮ್ಮ ತಾತನ ಮನೆ ಜಗಲಿಯಲ್ಲಿ ದಿನಾ ಮಧ್ಯಾಹ್ನ ಇಸ್ಪೀಟು ನಡೀತಿತ್ತು. ಅಮ್ಮ ಕಾಫಿ ಕೊಡೋಕೆ ಹೋಗಿ ಹೋಗಿ ಯಾರ ಕೈಯಲ್ಲಿ ಏನು ಎಲೆ ಇದೆ ಅಂತ ಮುಖ ನೋಡಿ ಹೇಳ್ತಿದ್ದರಂತೆ. ಹಾಗಾಗಿ ಅವರಿಗೆ ಕಂಡಿದ್ದು ಸಾವಲ್ಲ, ಆಟ.

ನನಗೆ ಮಾತ್ರ ಅವತ್ತಿನಿಂದ ತಲೆಯಲ್ಲಿ ಅದೇ ಕೂತಿದೆ. 1945 ಅಂದರೆ ಯುದ್ಧ ಮುಗಿದ ವರ್ಷ. ಸುತ್ತ ಅಷ್ಟು ಹೆಣ ಬಿದ್ದಿರುವಾಗ ಒಬ್ಬ ಕೂತು ಮತ್ತೆ ಬುರುಡೆಯನ್ನೇ ಯಾಕೆ ಬರೀತಾನೆ? ಇದು ದುಃಖವಾ, ಕುಹಕವಾ? ಚಿತ್ರಕಲೆ ಗೊತ್ತಿರೋರು ಇಲ್ಲಿ ಇದ್ದೀರಿ, ಹೇಳಿ.

ಖಾರಬೂಂದಿ

ಮೂರು ಬುರುಡೆ ಬಗ್ಗೆ ಕೇಳಿದ್ದೀರಿ. ಈಗ ನೋಡ್ತಾ ಇರಿ, ಇಲ್ಲಿ ಎಷ್ಟು ಜನ ಬಂದು ಬುರುಡೆ ಬಿಡ್ತಾರೆ ಅಂತ. ನಾನು ಮೊದಲನೆಯವನು. ನಿಮ್ಮ ಅಮ್ಮನಿಗೆ ನನ್ನದೊಂದು ನಮಸ್ಕಾರ.

ಪೆನ್ಸಿಲ್‌ಮೊನೆ

ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಬುರುಡೆ ಬಿಡದೆ ಹೇಳೋಕೆ ನೋಡ್ತೀನಿ.

ಮೊದಲು ಹೆಸರು. ಇದನ್ನು ಇಂಗ್ಲಿಷ್‌ನಲ್ಲಿ ಸ್ಟಿಲ್ ಲೈಫ್ ಅಂತಾರೆ. ಕನ್ನಡದಲ್ಲಿ ಕೆಲವರು ಸ್ತಬ್ಧಚಿತ್ರ ಅಂತ ಬರೆದುಬಿಡ್ತಾರೆ. ದಯವಿಟ್ಟು ಬೇಡ. ಸ್ತಬ್ಧಚಿತ್ರ ಅಂದರೆ ನಮ್ಮ ಜನಕ್ಕೆ ದಸರಾ ಮೆರವಣಿಗೆಯ ಲಾರಿ ನೆನಪಾಗುತ್ತೆ. ನಾನು ಕ್ಲಾಸಿನಲ್ಲಿ ವಸ್ತುಚಿತ್ರ ಅಂತೀನಿ. ಜರ್ಮನ್ನರು ಹೇಳೋದು ‘ಶ್ಟಿಲ್‌ಲೇಬೆನ್’, ಸುಮ್ಮನಿರುವ ಬದುಕು ಅಂತ. ಫ್ರೆಂಚರು ‘ನಾತ್ಯೂರ್ ಮೋರ್ತ್’ ಅಂತಾರೆ, ಸತ್ತ ಪ್ರಕೃತಿ. ಒಂದೇ ಹಣ್ಣಿನ ತಟ್ಟೆ, ಒಬ್ಬನಿಗೆ ಬದುಕು, ಇನ್ನೊಬ್ಬನಿಗೆ ಸಾವು.

ಬುರುಡೆ, ಆರಿದ ಬತ್ತಿ, ಇಸ್ಪೀಟು, ಇವನ್ನು ಒಟ್ಟಿಗೆ ಇಟ್ಟಿದ್ದು ಬೆಕ್‌ಮನ್‌ನ ಸ್ವಂತ ಯೋಚನೆ ಅಲ್ಲ. 17ನೇ ಶತಮಾನದ ಹಾಲೆಂಡಿನಲ್ಲಿ ಇಂಥ ಚಿತ್ರಗಳನ್ನು ರಾಶಿ ರಾಶಿ ಬರೆದರು. ‘ವ್ಯಾನಿಟಾಸ್’ ಅಂತ ಹೆಸರು. ಬೈಬಲ್‌ನ ‘ಎಲ್ಲವೂ ವ್ಯರ್ಥ’ ಅನ್ನೋ ಮಾತಿನಿಂದ ಬಂದದ್ದು. ಬುರುಡೆ, ಆರಿದ ಬತ್ತಿ ಎಲ್ಲ ಸಾವಿನ ಸಂಕೇತ. ಹಾರ್ಲೆಮ್ ಊರಿನ ಪೀಟರ್ ಕ್ಲಾಸ್ 1628ರಲ್ಲಿ ಬರೆದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಒಂದು ಬುರುಡೆ, ಗರಿಯ ಲೇಖನಿ, ಮಗುಚಿದ ಗಾಜಿನ ಲೋಟ, ಈಗಷ್ಟೇ ಆರಿದ ದೀಪ. ದೀಪದಿಂದ ಸಣ್ಣಗೆ ಹೊಗೆ ಏಳ್ತಾ ಇದೆ. ಆ ಹೊಗೆಯನ್ನು ಎಷ್ಟು ನಯವಾಗಿ ಬರೆದಿದ್ದಾನೆ ಅಂದರೆ, ಸಾವಿನ ಪಾಠ ಮರೆತು ಕುಂಚದ ಕೆಲಸವನ್ನೇ ನೋಡ್ತಾ ನಿಂತುಬಿಡ್ತೀವಿ.

ಬೆಕ್‌ಮನ್ ಈ ಚಿತ್ರ ಬರೆದಾಗ ಇದ್ದದ್ದು ಅದೇ ಹಾಲೆಂಡಿನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಂದರೆ ಆ ಹಳೇ ಡಚ್ ಚಿತ್ರಕಾರರ ನಾಡಲ್ಲೇ ಕೂತು ಅವರದೇ ಹಳೇ ಸಾಮಾನು ತೆಗೆದುಕೊಂಡ. ಆದರೆ ಆ ನಯ ಮಾತ್ರ ಬೇಡ ಅಂದ.

ಚಳಿಗೆಕಂಬಳಿ

ಮೇಷ್ಟ್ರೇ, ಜರ್ಮನ್ ಮನುಷ್ಯ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಏನು ಮಾಡ್ತಿದ್ದ? ಅಲ್ಲಿ ಆಗ ಜರ್ಮನ್ನರದೇ ಆಕ್ರಮಣ ಇತ್ತಲ್ವಾ?

ಲೆಕ್ಕಪಕ್ಕಾ

ಅದಕ್ಕೆ ನಾನು ಉತ್ತರ ಕೊಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬೆಕ್‌ಮನ್ ಹುಟ್ಟಿದ್ದು 1884, ಲೈಪ್‌ಜಿಗ್. 1920ರ ದಶಕದಲ್ಲಿ ಜರ್ಮನಿಯಲ್ಲಿ ದೊಡ್ಡ ಹೆಸರು. ಫ್ರಾಂಕ್‌ಫರ್ಟ್‌ನ ಶ್ಟೇಡೆಲ್ ಕಲಾಶಾಲೆಯಲ್ಲಿ ಪಾಠ ಹೇಳ್ತಿದ್ದ. 1933ರಲ್ಲಿ ಹಿಟ್ಲರ್ ಬಂದ ಕೂಡಲೇ ಕೆಲಸ ಹೋಯ್ತು. 1937ರಲ್ಲಿ ಜರ್ಮನಿಯ ಮ್ಯೂಸಿಯಂಗಳಿಂದ ಅವನ 500ಕ್ಕೂ ಹೆಚ್ಚು ಕೃತಿಗಳನ್ನು ಕಿತ್ತುಕೊಂಡು ಹೋದರು. ಅದೇ ವರ್ಷ ಜುಲೈ 18ರಂದು ಮ್ಯೂನಿಕ್‌ನಲ್ಲಿ ಹಿಟ್ಲರ್ ಭಾಷಣ ಮಾಡಿದ, ಇಂಥ ಕಲೆಯನ್ನೆಲ್ಲ ಗುಡಿಸಿ ಹಾಕ್ತೀವಿ ಅಂತ. ಮರುದಿನ ‘ಕೆಟ್ಟುಹೋದ ಕಲೆ’ ಅನ್ನೋ ಹೆಸರಿನ ಪ್ರದರ್ಶನ ಶುರು. ಅದರಲ್ಲಿ ಬೆಕ್‌ಮನ್ ಚಿತ್ರಗಳೂ ಇದ್ದವು, ಜನ ಬಂದು ನಗಲಿ ಅಂತ. ಜುಲೈ 19ಕ್ಕೆ ಬೆಕ್‌ಮನ್ ಮತ್ತು ಅವನ ಹೆಂಡತಿ ರೈಲು ಹತ್ತಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂದರು. ಆಮೇಲೆ ಜರ್ಮನಿಗೆ ಕಾಲಿಡಲೇ ಇಲ್ಲ.

ರೋಕಿನ್ ಅನ್ನೋ ಬೀದಿಯಲ್ಲಿ 85ನೇ ನಂಬರ್ ಮನೆ. ಮೊದಲು ತಂಬಾಕು ಗೋದಾಮಾಗಿದ್ದ ಮೇಲಿನ ಅಟ್ಟವೇ ಚಿತ್ರ ಬರೆಯುವ ಜಾಗ. ಅಲ್ಲಿಂದ ಅಮೆರಿಕಕ್ಕೆ ಹೋಗುವ ಆಸೆ ಇತ್ತು. ಅಷ್ಟರಲ್ಲಿ 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡಿಗೂ ಬಂತು. ಅವತ್ತು ಗಂಡ ಹೆಂಡತಿ ಸೇರಿ ಹಳೇ ಡೈರಿಗಳನ್ನೆಲ್ಲ ಸುಟ್ಟರು. ಯಾರಿಂದ ಓಡಿ ಬಂದಿದ್ದನೋ ಅವರೇ ಬಾಗಿಲ ಮುಂದೆ. ಆಗಿನ ಸ್ಥಿತಿ ಯೋಚಿಸಿ: ಡಚ್ಚರಿಗೆ ಇವನು ಶತ್ರು ದೇಶದವನು, ಜರ್ಮನ್ನರಿಗೆ ಕೆಟ್ಟುಹೋದ ಕಲಾವಿದ. 1944ರಲ್ಲಿ, 60 ವರ್ಷದ ಹೃದಯದ ರೋಗಿಯನ್ನು ಸೇನೆಗೆ ಅಂತ ಕರೆಸಿ ತಪಾಸಣೆ ಮಾಡಿದರು. ಲಾಯಕ್ಕಿಲ್ಲ ಅಂತ ವಾಪಸ್ ಕಳಿಸಿದರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನೀವೆಲ್ಲ ಆ ಆರಿದ ಮೇಣದಬತ್ತಿಯನ್ನು ಸಂಕೇತ, ಸಂಕೇತ ಅಂತಿದ್ದೀರಿ. 1944ರ ಸೆಪ್ಟೆಂಬರ್‌ನಲ್ಲಿ ಡಚ್ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಅದಕ್ಕೆ ಸೇಡು ಅಂತ ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಹೋಗೋದನ್ನು ತಡೆದರು. ಆಮೇಲೆ ತಡೆ ಸಡಿಲಿಸಿದರೂ ಅಷ್ಟರಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ದೋಣಿ ನಿಂತವು. ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಮನೆಗಳಿಗೆ ಕರೆಂಟ್ ಹೋಯ್ತು, ಗ್ಯಾಸೂ ಹೋಯ್ತು. ಸಂಜೆ ಹೋಗಿ ರಾತ್ರಿ ಬರುವ ಕರೆಂಟ್ ಅಲ್ಲ ಅದು, ತಿಂಗಳುಗಟ್ಟಲೆ ಬರಲಿಲ್ಲ. ರೇಷನ್ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗೆ ಇಳೀತು. ಜನ ಸಕ್ಕರೆ ಬೀಟ್‌ರೂಟ್ ತಿಂದರು, ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಟ್ರಾಮ್ ಹಳಿಗಳ ನಡುವಿನ ಮರದ ತುಂಡು ಕಿತ್ತು ಒಲೆಗೆ ಹಾಕಿದರು. ನಾಝಿ ಕ್ಯಾಂಪುಗಳಿಗೆ ಸಾಗಿಸಿಬಿಟ್ಟಿದ್ದ ಯಹೂದಿಗಳ ಖಾಲಿ ಮನೆಗಳ ತೊಲೆ, ಮೆಟ್ಟಿಲು ಬಿಚ್ಚಿಕೊಂಡು ಹೋದರು. ಆ ಚಳಿಗಾಲದಲ್ಲಿ ಹಸಿವಿನಿಂದ ಸತ್ತವರು ಸುಮಾರು 20,000.

ಅಂಥ ಊರಲ್ಲಿ ಮೇಣದಬತ್ತಿ ಸಂಕೇತವಲ್ಲ ಸ್ವಾಮಿ. ಅದು ಮನೆ ಸಾಮಾನು. ಉರಿಸಿದರೆ ಖಾಲಿ ಆಗುತ್ತೆ ಅಂತ ಊದಿ ಎತ್ತಿಟ್ಟ ಬತ್ತಿ.

ರಾತ್ರಿಪಾಳಿ

ಲೆಕ್ಕಪಕ್ಕಾ ಅವರ ಕೊನೆ ಸಾಲು ಓದಿ ಒಂದು ನಿಮಿಷ ಸುಮ್ಮನಾದೆ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು, ಕಲೆ ಗೊತ್ತಿಲ್ಲ. ಆದರೆ ಬುರುಡೆ ಗೊತ್ತು. ಮೊದಲ ವರ್ಷ ಅನಾಟಮಿ ಓದುವಾಗ ಹಾಸ್ಟೆಲ್ ಕೋಣೆಯಲ್ಲಿ ನನ್ನ ಮಂಚದ ಕೆಳಗೆ ಒಂದು ಡಬ್ಬಿಯಲ್ಲಿತ್ತು. ಮೊದಲ ವಾರ ಆ ಕಡೆ ಕಾಲು ಚಾಚಿ ಮಲಗಲಿಲ್ಲ. ಮೂರನೇ ವಾರ ಅದರ ಮೇಲೆ ಟವೆಲ್ ಒಣಗಿಸ್ತಿದ್ದೆ.

ಬುರುಡೆ ನಗ್ತಿದೆ ಅಂತ ಎಲ್ಲರೂ ಹೇಳ್ತಾರೆ. ಅದು ನಗೋದಿಲ್ಲ. ತುಟಿ, ಕೆನ್ನೆ ಇಲ್ಲದಿದ್ದರೆ ಯಾರ ಹಲ್ಲಾದರೂ ಹಾಗೇ ಕಾಣುತ್ತೆ. ನಾವು ಅಳು ಅಂತ ಗುರುತಿಸೋದು ಮಾಂಸದಿಂದ, ಹುಬ್ಬಿನಿಂದ. ಮೂಳೆಗೆ ಅಳೋಕೆ ಬರೋದಿಲ್ಲ. ಚಳಿಗೆಕಂಬಳಿ ಅವರು ಕೇಳಿದ ‘ದುಃಖವಾ, ಕುಹಕವಾ’ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ ಅನ್ನಿಸುತ್ತೆ.

ಇನ್ನೊಂದು. ಈ ಮನುಷ್ಯ ಮೊದಲನೇ ಮಹಾಯುದ್ಧದಲ್ಲಿ ಏನು ಕೆಲಸ ಮಾಡಿದ್ದ ಅಂತ ಹುಡುಕಿದೆ. ಬೆಲ್ಜಿಯಂನಲ್ಲಿ ಗಾಯಾಳುಗಳ ಸೇವೆ, ವಾರ್ಡ್‌ಬಾಯ್ ಥರ. ಆಪರೇಷನ್ ನಡೆಯುವಾಗ ಪಕ್ಕದಲ್ಲಿ ನಿಂತು ಸ್ಕೆಚ್ ಮಾಡ್ತಿದ್ದ. 1915ರಲ್ಲಿ ಮನಸ್ಸು ಕುಸಿದು ಅವನನ್ನೇ ವಾಪಸ್ ಕಳಿಸಬೇಕಾಯ್ತು. 1945ರಲ್ಲಿ ಬುರುಡೆ ಬರೆದವನಿಗೆ ಅದು ಹಳೇ ಡಚ್ ಚಿತ್ರದಿಂದ ಮಾತ್ರ ಬಂದದ್ದಲ್ಲ. ಸಾವನ್ನು ಹತ್ತಿರದಿಂದ ನೋಡಿದ್ದ.

ಖಾರಬೂಂದಿ

ಟವೆಲ್ ಒಣಗಿಸಿದ್ದು ಓದಿ ಟೀ ಕೆಳಗೆ ಇಟ್ಟೆ ಅಕ್ಕ.

ಪೆನ್ಸಿಲ್‌ಮೊನೆ

ಲೆಕ್ಕಪಕ್ಕಾ ಸರ್, ಮೇಣದಬತ್ತಿ ಮನೆ ಸಾಮಾನು ಅಂದಿದ್ದು ನನಗೆ ಹಿಡಿಸಿತು. ಆದರೆ ಪೂರ್ತಿ ಒಪ್ಪಲ್ಲ. 1938ರಲ್ಲಿ ಲಂಡನ್‌ನಲ್ಲಿ ಬೆಕ್‌ಮನ್ ಒಂದು ಭಾಷಣ ಮಾಡಿದ್ದ, ನನ್ನ ಚಿತ್ರಕಲೆ ಬಗ್ಗೆ ಅಂತ. ಕಣ್ಣಿಗೆ ಕಾಣುವುದರ ಹಿಂದೆ ಅಡಗಿರೋದನ್ನು ತೋರಿಸೋದೇ ನನ್ನ ಕೆಲಸ, ಅದಕ್ಕೆ ದಾರಿ ಕಾಣುವ ವಸ್ತುವಿನ ಮೂಲಕವೇ, ಇದು ಅದರ ಸಾರ. ಅಂಥವನು ಸುಮ್ನೆ ಮನೆಯಲ್ಲಿ ಬಿದ್ದಿತ್ತು ಅಂತ ಬತ್ತಿ ಬರೀತಾನಾ?

ಮತ್ತೆ, ಕುಂಚ ಹಿಡಿಯೋರಿಗೆ ಗೊತ್ತಿರುವ ಒಂದು ವಿಷಯ. ಮೇಜಿನ ಮೇಲೆ ಏನಿಡಬೇಕು ಅನ್ನೋದನ್ನು ನಾವೇ ಆರಿಸ್ತೀವಿ. ಹತ್ತು ಸಲ ಸರಿಸ್ತೀವಿ. ಬಾಟಲಿ ಈ ಕಡೆ, ಬಟ್ಟೆ ಆ ಕಡೆ. ವಸ್ತುಚಿತ್ರದಲ್ಲಿ ‘ಬಿದ್ದಿತ್ತು’ ಅನ್ನೋದು ಯಾವುದೂ ಇಲ್ಲ.

ಲೆಕ್ಕಪಕ್ಕಾ

ಆರಿಸಿದ್ದು ಸರಿ ಮೇಷ್ಟ್ರೇ. ಆದರೆ ಯಾವುದರಿಂದ ಆರಿಸಿದ? ಪೀಟರ್ ಕ್ಲಾಸ್ ಥರದವರ ಮೇಜಿನ ಮೇಲೆ ಗಡಿಯಾರ, ಬೆಳ್ಳಿ ಲೋಟ, ಪುಸ್ತಕ ಎಲ್ಲ ಇರೋದು ಯಾಕೆ? ಆಗ ಹಾಲೆಂಡ್ ಪ್ರಪಂಚದ ಸಾಹುಕಾರ ದೇಶಗಳಲ್ಲಿ ಒಂದು. ತಿಂದು ತೇಗುವವನಿಗೆ ‘ನೀನೂ ಸಾಯ್ತೀಯಪ್ಪಾ’ ಅಂತ ನೆನಪಿಸಬೇಕಿತ್ತು. 1945ರಲ್ಲಿ ಯಾರಿಗೆ ನೆನಪಿಸಬೇಕು? ಬೀದಿಗೆ ಹೋದರೆ ಸಾಕಿತ್ತು. ಹಾಗಾಗಿ ಅದೇ ಬುರುಡೆ, ಅದೇ ಬತ್ತಿ, ಆದರೆ ಆ ಪಾಠಕ್ಕೆ ಇನ್ನು ಕೆಲಸ ಇಲ್ಲ. ನನ್ನ ವಾದ ಇಷ್ಟೇ.

ಪೆನ್ಸಿಲ್‌ಮೊನೆ

ಇದನ್ನು ಒಪ್ಪಿದೆ. ಬೇಜಾರಿಂದ ಒಪ್ಪಿದೆ ಅಂತ ಬರ್ಕೊಳ್ಳಿ.

ಮೈನ್‌ದಂಡೆ

ಫ್ರಾಂಕ್‌ಫರ್ಟ್‌ನಿಂದ ನಮಸ್ಕಾರ. ಬೆಕ್‌ಮನ್ ಅಂದಕೂಡಲೇ ಓಡಿ ಬಂದೆ. ನಮ್ಮೂರವನು ಅಂತ ನಾನು ಹೇಳಿಕೊಳ್ಳೋದು, ಇಲ್ಲಿನವರು ನನ್ನನ್ನೇ ಊರವನು ಅಂತ ಒಪ್ಪದಿದ್ದರೂ.

ಇಲ್ಲಿನ ಶ್ಟೇಡೆಲ್ ಮ್ಯೂಸಿಯಂನಲ್ಲಿ ಅವನದೇ ಇನ್ನೊಂದು ವಸ್ತುಚಿತ್ರ ಇದೆ, ಸ್ಯಾಕ್ಸೊಫೋನ್‌ಗಳದ್ದು. 1926. ಆಗ ಅವನಿಗೆ ಕೆಲಸ, ಹೆಸರು, ಹೊಸ ಹೆಂಡತಿ ಎಲ್ಲ ಇತ್ತು. ಜಾಝ್ ಹುಚ್ಚಿನ ಕಾಲ. ಚಿತ್ರದಲ್ಲಿ ಮನುಷ್ಯರೇ ಇಲ್ಲ, ಆದರೆ ಆ ವಾದ್ಯಗಳು ಸುಮ್ಮನೆ ಮಲಗಿಲ್ಲ. ಪಾರ್ಟಿ ಮುಗಿದ ಮೇಲೂ ಮನೆಗೆ ಹೋಗದ ನೆಂಟರ ಹಾಗೆ ಒಬ್ಬರ ಮೇಲೊಬ್ಬರು ಒರಗಿಕೊಂಡಿವೆ. ಅದನ್ನು ನೋಡಿದವನಿಗೆ ಬುರುಡೆಗಳು ಇಸ್ಪೀಟು ಆಡೋದು ಆಶ್ಚರ್ಯ ಅಲ್ಲ. ಬೆಕ್‌ಮನ್ ಮೇಜಿನ ಮೇಲೆ ಏನಿಟ್ಟರೂ ಅದು ಜನ ಆಗಿಬಿಡುತ್ತೆ. ಚಳಿಗೆಕಂಬಳಿ ಅವರ ಅಮ್ಮ ‘ಮೂರು ಜನ’ ಅಂದರು ನೋಡಿ, ‘ಮೂರು ಬುರುಡೆ’ ಅನ್ನಲಿಲ್ಲ.

ಅದೇ ಮ್ಯೂಸಿಯಂನಲ್ಲಿ 1919ರಲ್ಲಿ ಬರೆದ ಫ್ರಾಂಕ್‌ಫರ್ಟ್‌ನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಚಿತ್ರವೂ ಇದೆ. ಹಸಿರು ಗುಮ್ಮಟ, ಬೆಳಗಿನ ಜಾವದ ಖಾಲಿ ಬೀದಿ, ಮನೆಗಳೆಲ್ಲ ಕುಡಿದವರ ಹಾಗೆ ವಾಲಿಕೊಂಡಿವೆ. ಆ ಸಿನಗಾಗನ್ನು 1938ರಲ್ಲಿ ನಾಝಿಗಳು ಸುಟ್ಟರು. 1972ರಲ್ಲಿ ಊರ ಜನರೂ ದುಡ್ಡು ಹಾಕಿ ಈ ಚಿತ್ರವನ್ನು ಊರಿಗೆ ತಂದರು. ಅದರ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಬೆಕ್ಕನ್ನು ಹುಡುಕುತ್ತೆ. ಬೆಕ್‌ಮನ್ ಕೆಳಗೆ ಬೀದಿಯಲ್ಲಿ ಒಂದು ಬೆಕ್ಕು ಬರೆದಿದ್ದಾನೆ. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳಬೇಕೆನಿಸಿತು.

ಖಾರಬೂಂದಿ

ಬೆಕ್‌ಮನ್ ಬೆಕ್ಕು. ಇದು ಕನ್ನಡದವರಿಗೆ ಮಾತ್ರ ಸಿಗೋ ಖುಷಿ.

ಒಂದು ದಡ್ಡ ಪ್ರಶ್ನೆ: ಈ ಥರದ್ದು ಈಗ ಮಾರಿದರೆ ಎಷ್ಟು ಬರುತ್ತೆ?

ಮೈನ್‌ದಂಡೆ

ಮ್ಯೂಸಿಯಂನಲ್ಲಿರೋದನ್ನು ಬಿಡಿ, ಅದು ಮಾರಾಟಕ್ಕಲ್ಲ. ಬಾಸ್ಟನ್‌ನವರಿಗೆ ಅದು ಬಂದದ್ದೇ ದಾನವಾಗಿ, 1960ರ ದಶಕದಲ್ಲಿ. ಹೊರಗಡೆ ಮಾರಿದ್ದು ಹೇಳಬೇಕಂದರೆ, 2017ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಹಕ್ಕಿಗಳ ನರಕ’ ಅನ್ನೋ ಚಿತ್ರ 3.6 ಕೋಟಿ ಪೌಂಡಿಗೆ ಹೋಯ್ತು. 2022ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಅವನ ಒಂದು ಸ್ವಂತ ಭಾವಚಿತ್ರದ ಮೇಲೆ 2 ಕೋಟಿ ಯೂರೊಗೆ ಸುತ್ತಿಗೆ ಬಿತ್ತು, ಜರ್ಮನಿಯ ಕಲಾ ಹರಾಜುಗಳಲ್ಲೇ ಆಗ ದಾಖಲೆ. ಅದನ್ನು ಬರೆದದ್ದು 1943ರಲ್ಲಿ, ಇದೇ ಆಮ್‌ಸ್ಟರ್‌ಡ್ಯಾಮ್ ಅಟ್ಟದ ದಿನಗಳಲ್ಲಿ. ಮಾರೋಕಲ್ಲ, ಹೆಂಡತಿಗೆ ಕೊಟ್ಟಿದ್ದ.

ಒಗ್ಗರಣೆಸೌಟು

ಎಲ್ಲರೂ ಪಾಪ ಪಾಪ ಅಂತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡ್ತೀನಿ.

ಅದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ಕುಟುಂಬ ಅಡಗಿತ್ತು. 1944ರ ಆಗಸ್ಟ್ 4ಕ್ಕೆ ಸಿಕ್ಕಿಬಿದ್ದರು. ನೆದರ್‌ಲ್ಯಾಂಡ್ಸ್‌ನಲ್ಲಿ, ಅಂದರೆ ಹಾಲೆಂಡಿನಲ್ಲಿ ಇದ್ದ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಬೆಕ್‌ಮನ್ ಯಹೂದಿ ಅಲ್ಲ. ಬಾಗಿಲು ತೆಗೆದು ಬೀದಿಗೆ ಹೋಗ್ತಿದ್ದ, ಕೆಫೆಯಲ್ಲಿ ಕೂರ್ತಿದ್ದ. ಅವನನ್ನು ಕಾಪಾಡಿದ್ದು ಯಾರು ಗೊತ್ತಾ? ಎರ್‌ಹಾರ್ಡ್ ಗೋಪೆಲ್ ಅನ್ನೋ ಕಲಾ ಇತಿಹಾಸಕಾರ. ಅವನ ನೌಕರಿ, ಹಿಟ್ಲರ್ ಲಿಂಝ್ ಊರಲ್ಲಿ ಕಟ್ಟಬೇಕೆಂದಿದ್ದ ಮ್ಯೂಸಿಯಂಗೆ ಆಕ್ರಮಿತ ದೇಶಗಳಿಂದ ಚಿತ್ರ ಸಂಗ್ರಹಿಸೋದು. ಆ ಮನುಷ್ಯ ಒಂದು ಕೈಯಲ್ಲಿ ಅದನ್ನು ಮಾಡ್ತಾ ಇನ್ನೊಂದು ಕೈಯಲ್ಲಿ ಬೆಕ್‌ಮನ್ ಚಿತ್ರ ಕೊಂಡುಕೊಳ್ತಿದ್ದ. 1944ರಲ್ಲಿ ಬೆಕ್‌ಮನ್ ಅವನ ಭಾವಚಿತ್ರವನ್ನೂ ಬರೆದ. ಈಗ ಬರ್ಲಿನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಆ ಬುರುಡೆಗಳು ಯಾರವು? ಅದನ್ನು ಯಾರೂ ಕೇಳ್ತಿಲ್ಲ. ಹೆಸರಿಲ್ಲದ ಮೂರು ಬುರುಡೆ ಬರೆದು, ಪಕ್ಕದಲ್ಲಿ ಬಾಟಲಿ ಇಟ್ಟು, ಇದು ಮನುಷ್ಯನ ಪಾಡು ಅನ್ನೋದು ನನಗೆ ಸ್ವಲ್ಪ ಸುಲಭದ ದಾರಿ ಅನ್ನಿಸುತ್ತೆ.

ಲೆಕ್ಕಪಕ್ಕಾ

ನೀವು ಹೇಳಿದ ಸಂಗತಿಗಳೆಲ್ಲ ನಿಜ. ಒಂದನ್ನು ಸೇರಿಸ್ತೀನಿ. ಯುದ್ಧ ಮುಗಿದ ಮೇಲೆ ಡಚ್ ಸರ್ಕಾರ ಅವನನ್ನು ಶತ್ರು ದೇಶದ ಪ್ರಜೆ ಅಂತಲೇ ಲೆಕ್ಕ ಹಾಕಿತು. ಹಾಗಲ್ಲ ಅನ್ನೋ ಕಾಗದ ಕೈಗೆ ಬರೋಕೆ 1946 ಆಗಬೇಕಾಯ್ತು. ನಾಝಿಗಳಿಂದ ಓಡಿ ಬಂದವನಿಗೆ, ನಾನು ನಾಝಿ ಅಲ್ಲ ಅಂತ ಅರ್ಜಿ.

ಗೋಪೆಲ್ ವಿಷಯಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. ಹಸಿವಾದಾಗ ಯಾರು ಕೊಟ್ಟ ಅನ್ನ ಅಂತ ನೋಡೋಕೆ ಎಲ್ಲರಿಗೂ ಆಗಲ್ಲ. ನೋಡಬೇಕು ಅನ್ನೋರನ್ನೂ ನಾನು ತಪ್ಪು ಅನ್ನಲ್ಲ.

ರಾತ್ರಿಪಾಳಿ

ಬುರುಡೆಗಳು ಯಾರವು ಅನ್ನೋ ಪ್ರಶ್ನೆ ನನಗೂ ತಾಗಿತು. ನನ್ನ ಮಂಚದ ಕೆಳಗಿದ್ದದ್ದು ಯಾರದ್ದು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಸೀನಿಯರ್ ಒಬ್ಬರ ಹತ್ತಿರ ಕೊಂಡಿದ್ದೆ, ಪರೀಕ್ಷೆ ಮುಗಿದ ಮೇಲೆ ಜೂನಿಯರ್‌ಗೆ ಮಾರಿದೆ.

ಚಳಿಗೆಕಂಬಳಿ

ಎರಡು ದಿನ ಬರೋಕಾಗಲಿಲ್ಲ, ಕ್ಷಮಿಸಿ. ಇಷ್ಟೆಲ್ಲ ಓದಿದ ಮೇಲೆ ತಡೆಯೋಕಾಗದೆ ನಿನ್ನೆ ಒಬ್ಬಳೇ ಮತ್ತೆ ಹೋಗಿದ್ದೆ. ಆಫೀಸಿಗೆ ಅರ್ಧ ದಿನ ರಜೆ. ಮೊದಲು ಚಾರ್ಲ್ಸ್ ನದಿಯ ಆಚೆ, ಕೇಂಬ್ರಿಡ್ಜ್‌ನಲ್ಲಿ ಹಾರ್ವರ್ಡ್‌ನವರ ಮ್ಯೂಸಿಯಂಗೆ. ಅಲ್ಲಿ ಬೆಕ್‌ಮನ್ 1927ರಲ್ಲಿ ಬರೆದ ತನ್ನದೇ ಚಿತ್ರ ಇದೆ. ಕಪ್ಪು ಕೋಟು, ಬಿಳಿ ಅಂಗಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಸಿಗರೇಟು. ಮದುವೆ ಮನೆಯಲ್ಲಿ ಗಂಡಿನ ಕಡೆ ಯಜಮಾನ ನಿಂತ ಹಾಗೆ. 1928ರಲ್ಲಿ ಬರ್ಲಿನ್ ನ್ಯಾಷನಲ್ ಗ್ಯಾಲರಿ ಕೊಂಡದ್ದು, 1937ರಲ್ಲಿ ಕಿತ್ತು ಹೊರಗೆ ಹಾಕಿದ್ದು, 1941ರಲ್ಲಿ ಹಾರ್ವರ್ಡ್‌ಗೆ ಬಂತು. ಆ ಮುಖ ನೋಡಿಕೊಂಡು, ಟ್ರೈನ್ ಬದಲಿಸಿ, ಈ ಬುರುಡೆಗಳ ಮುಂದೆ ಬಂದೆ. ನಡುವೆ 18 ವರ್ಷ, ನನಗೆ ಮುಕ್ಕಾಲು ಗಂಟೆ.

ಈ ಸಲ ಹತ್ತಿರ ಹೋಗಿ ನೋಡಿದೆ, ಕಾವಲಿನವರು ಕೆಮ್ಮುವಷ್ಟು ಹತ್ತಿರ. ಬುರುಡೆ ದೂರದಿಂದ ಬಿಳಿ. ಹತ್ತಿರದಿಂದ ಬಿಳಿ ಅಲ್ಲವೇ ಅಲ್ಲ, ಹಳೇ ಕಾಗದದ ಹಳದಿ. ಕಪ್ಪು ಗೆರೆ ಬರೀ ಅಂಚು ಅಲ್ಲ, ಅದಕ್ಕೇ ಒಂದು ಭಾರ ಇದೆ. ಕಣ್ಣಿನ ಗುಳಿಗಳ ಕಪ್ಪೂ ಗೆರೆಯ ಕಪ್ಪೂ ಒಂದೇ. ಹಾಗಾಗಿ ಕತ್ತಲು ಒಳಗಿಂದ ಹೊರಗೆ ಸೋರಿ ಮೇಜಿನ ತುಂಬ ಹರಡಿದ ಹಾಗೆ ಕಾಣುತ್ತೆ.

ಅಮ್ಮ ಕೇಳಿದ ಪ್ರಶ್ನೆ ಇಟ್ಟುಕೊಂಡೇ ನೋಡಿದೆ. ನಾಲ್ಕನೆಯವರು ಚಿತ್ರದಲ್ಲಿಲ್ಲ. ಎಲೆಗಳು ನಮ್ಮ ಕಡೆಗೆ ಬಿದ್ದಿವೆ.

ಪೆನ್ಸಿಲ್‌ಮೊನೆ

ಮೇಡಂ, ಅದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಬೆಕ್‌ಮನ್ ತನ್ನ ಮೇಜುಗಳನ್ನು ಮುಂದಕ್ಕೆ ಬಾಗಿಸಿ ಬರೀತಾನೆ, ಸಾಮಾನು ನಮ್ಮ ಮಡಿಲಿಗೆ ಜಾರಿ ಬೀಳುತ್ತೇನೋ ಅನ್ನೋ ಹಾಗೆ. ಪೀಟರ್ ಕ್ಲಾಸ್‌ನ ಕಾಲದ ಮೇಜು ಮಟ್ಟಸವಾಗಿರುತ್ತೆ, ನಾವು ಆಚೆ ನಿಂತು ನೋಡ್ತೀವಿ. ಇಲ್ಲಿ ಆಚೆ ನಿಲ್ಲೋಕೆ ಜಾಗವೇ ಇಲ್ಲ. ಆ ಖಾಲಿ ಕುರ್ಚಿಯಲ್ಲಿ ಮೊದಲು ಕೂತಿದ್ದವನು ಚಿತ್ರ ಬರೆದವನೇ, 61 ವರ್ಷದ ಬೆಕ್‌ಮನ್. ಈಗ ನೀವು.

ನಿಮ್ಮ ಅಮ್ಮ ನನ್ನ ಕ್ಲಾಸಿಗೆ ಬಂದು ಒಂದು ಪಾಠ ಮಾಡಲಿ.

ಮೈನ್‌ದಂಡೆ

ಆಮೇಲೆ ಏನಾಯ್ತು ಅಂತ ಯಾರೂ ಹೇಳಲಿಲ್ಲ. 1947ರಲ್ಲಿ ಕೊನೆಗೂ ಅಮೆರಿಕಕ್ಕೆ ಹೋದ. ಸೇಂಟ್ ಲೂಯಿಸ್‌ನಲ್ಲಿ ಮೇಷ್ಟ್ರಾದ, ಆಮೇಲೆ ನ್ಯೂಯಾರ್ಕ್. 1950ರ ಡಿಸೆಂಬರ್ 27ರಂದು, ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ತನ್ನ ಚಿತ್ರವೊಂದು ತೂಗುಹಾಕಿದ್ದಾರೆ, ನೋಡಿಬರೋಣ ಅಂತ ಮನೆಯಿಂದ ಹೊರಟ. ಸೆಂಟ್ರಲ್ ಪಾರ್ಕಿನ ಹತ್ತಿರ, ಬೀದಿಯಲ್ಲೇ ಹೃದಯಾಘಾತ. ಪಾರ್ಕು ದಾಟಿದ್ದರೆ ಮ್ಯೂಸಿಯಂ ಸಿಗ್ತಿತ್ತು. ಆ ಚಿತ್ರ ನೀಲಿ ಕೋಟು ಹಾಕಿಕೊಂಡ ಅವನದೇ ಭಾವಚಿತ್ರ, ಸಿಗರೇಟು ಬಾಯಿಗಿಟ್ಟುಕೊಂಡಿದ್ದು.

ಒಗ್ಗರಣೆಸೌಟು

ನನ್ನ ಹುಳಿ ಹಾಗೇ ಇರಲಿ. ಆದರೂ ಮುಂದಿನ ತಿಂಗಳು ಬಾಸ್ಟನ್ ಕಡೆ ಬರೋದಿದೆ, ಹೋಗಿ ನೋಡ್ತೀನಿ. ಕುರ್ಚಿ ಖಾಲಿ ಇಟ್ಟಿರಿ.

ಚಳಿಗೆಕಂಬಳಿ

ಬನ್ನಿ ಬನ್ನಿ, ಮನೆಗೂ ಬನ್ನಿ. ಅಮ್ಮ ಅಷ್ಟರಲ್ಲಿ ಊರಿಗೆ ಹೋಗಿರ್ತಾರೆ, ಅಡುಗೆ ಮಾತ್ರ ನನ್ನದೇ, ಅದನ್ನು ಸಹಿಸಿಕೊಳ್ಳಬೇಕು. ಚಿತ್ರ ಗೋಡೆ ಮೇಲಿದೆಯಾ ಅಂತ ಹೊರಡೋ ಮುಂಚೆ ಒಂದು ಸಲ ಮ್ಯೂಸಿಯಂನ ಜಾಲತಾಣ ನೋಡಿಕೊಳ್ಳಿ, ಆಗಾಗ ಬದಲಿಸ್ತಾ ಇರ್ತಾರೆ.

ಪೆನ್ಸಿಲ್‌ಮೊನೆ

ಕೊನೆಯದಾಗಿ ನನ್ನ ಶಾಲೆಯ ಸುದ್ದಿ. ಈ ಚರ್ಚೆಯ ಗುಂಗಿನಲ್ಲಿ ಇವತ್ತು ಎಂಟನೇ ಕ್ಲಾಸಿಗೆ ವಸ್ತುಚಿತ್ರ ಇಟ್ಟೆ. ಪ್ರತಿ ವರ್ಷ ಅದೇ ಕೊಡ, ಅದೇ ಮೇಣದ ಸೇಬು, ಅದೇ ಮಡಿಕೆ ಬಿದ್ದ ಬಟ್ಟೆ. ಅದನ್ನೆಲ್ಲ ತೆಗೆದು ಬದಿಗಿಟ್ಟೆ. ಬುರುಡೆ ಎಲ್ಲಿಂದ ತರೋದು? ಜುಟ್ಟು ಪೂರ್ತಿ ಕಿತ್ತ ಮೂರು ತೆಂಗಿನಕಾಯಿ ಇಟ್ಟೆ, ಕಣ್ಣು ಮಕ್ಕಳ ಕಡೆ ಮಾಡಿ. ಒಂದು ಮೇಣದಬತ್ತಿ ಹಚ್ಚಿ, ಊದಿ ಆರಿಸಿದೆ. ಇಸ್ಪೀಟು ಇಡೋಕೆ ಹೆಡ್‌ಮಾಸ್ಟರ್ ಬಿಡಲ್ಲ, ಬದಲಿಗೆ ಬಸ್ ಟಿಕೆಟ್ ಹರಡಿದೆ. ಬೆಕ್‌ಮನ್ ಹೆಸರು ಎತ್ತಲಿಲ್ಲ, ಏನೂ ಹೇಳಿಕೊಡಲಿಲ್ಲ.

32 ಮಕ್ಕಳಲ್ಲಿ 11 ಜನ ಕಾಯಿಗೆ ಬಾಯಿ ಬರೆದಿದ್ದಾರೆ. ಇಬ್ಬರು ಕಾಯಿಗಳನ್ನು ಬಸ್ಸಿನ ಸೀಟಿನಲ್ಲಿ ಕೂರಿಸಿದ್ದಾರೆ. ಒಬ್ಬಳು ಮೇಣದಬತ್ತಿಯನ್ನು ಮತ್ತೆ ಹಚ್ಚಿಬಿಟ್ಟಿದ್ದಾಳೆ. ಯಾಕಮ್ಮಾ ಅಂತ ಕೇಳಿದರೆ ‘ಕತ್ಲೆ ಇತ್ತು ಸರ್’ ಅಂದಳು.

ಬೆಲ್ ಹೊಡೆದ ಮೇಲೆ ಮೂರೂ ಕಾಯಿ ಒಡೆದು ಅವರೇ ತಿಂದರು. ಚಿಪ್ಪು ಎತ್ತಿಟ್ಟಿದ್ದೀನಿ, ನಾಳೆ ಅದನ್ನೇ ಬರೆಸ್ತೀನಿ.